ಮಳೆಯಲ್ಲಿ ಕಂಡ ಬಳ್ಳಿಗಾವಿ

ಕಳೆದ ಆಷಾಢದ ಒಂದು ರವಿವಾರ ಶ್ರೀಮಠದ ಪ್ರಸಾದ ನಿಲಯದ ೨೨ ಜನ ವಿದ್ಯಾರ್ಥಿಗಳೊಡನೆ ನಾವು ಬಳ್ಳಿಗಾವಿಗೆ ಹೋಗಿ ಬಂದೆವು. ಆ ಪ್ರವಾಸವನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಪತ್ರಿಕೆಯ ಸಂಪಾದಕರು ಆಗಲೇ ಕೇಳಿದ್ದರು. ಎರಡು ಸಲ ಬರೆಯಲು ಕುಳಿತು ಎರಡು ಸಲವೂ ಅರ್ಧಕ್ಕೆ ಬಿಟ್ಟೆವು. ಕಂಡ ಶಿಲ್ಪಗಳನ್ನು ವರ್ಣಿಸಿ ಮುಗಿಸಿಬಿಡುವುದು ಸುಲಭವಿತ್ತು. ಆದರೆ ಆ ಕಲ್ಲುಗಳ ಮುಂದೆ ನಿಂತಾಗ ನಮಗೆ ನೆನಪಾದ ಸಂಗತಿಯನ್ನು ಬಿಟ್ಟು ಬರೆದರೆ ಅದು ಅರ್ಧ ಸತ್ಯವಾಗುತ್ತಿತ್ತು. ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಬೇಕಾದುದೂ ಒಂದಿದೆ. ಆದ್ದರಿಂದ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇವೆ.

ಅಂದು ನಸುಕಿನಲ್ಲಿ ಪೂಜೆ ಮುಗಿಸಿ ಹೊರಗೆ ಬಂದರೆ ಮಳೆ ಹಿಡಿದಿತ್ತು. ಗುಡುಗಿಲ್ಲ, ಗಾಳಿಯಿಲ್ಲ, ಎಡೆಬಿಡದ ಜಿಟಿಜಿಟಿ ಮಳೆ. ನಿಲಯದ ಮೇಲ್ವಿಚಾರಕರು ಕೊಡೆ ಹಿಡಿದು ಬಂದು, “ಅಜ್ಜಾರ, ಮಳಿ ಬಿಡೂ ಹಂಗ ಕಾಣವಲ್ದರಿ. ಮುಂದಿನ ವಾರಕ್ಕ ಇಟ್ಕೊಂಡ್ರ ಹೆಂಗರಿ?” ಎಂದರು. ಅವರ ಮಾತಿನಲ್ಲಿ ವಿವೇಕವಿತ್ತು. ಆದರೆ ಅಡಿಗೆಮನೆಯವರು ನಾಲ್ಕು ಗಂಟೆಗೇ ಎದ್ದು ರೊಟ್ಟಿ ಬಡಿದು, ಶೇಂಗಾ ಚಟ್ನಿ, ಮೊಸರು ಬುತ್ತಿ ಕಟ್ಟಿ ಇಟ್ಟಿದ್ದರು. ಹುಡುಗರು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ವಾಹನದ ಸುತ್ತಲೇ ಸುಳಿದಾಡುತ್ತಿದ್ದರು. ಆ ಮುಖಗಳನ್ನು ನೋಡಿದ ಮೇಲೆ ಬೇಡವೆನ್ನಲು ನಮಗೆ ಬಾಯಿ ಬರಲಿಲ್ಲ. “ಆಷಾಢದಾಗ ಮಳಿ ಬರದ ಏನ್ ಬರಬೇಕು? ನಡೀರಿ” ಎಂದು ಹೊರಟೆವು.

ಹಿರೇಕೆರೂರು ದಾಟಿ ಶಿರಾಳಕೊಪ್ಪದ ದಾರಿ ಹಿಡಿದಂತೆ ಭೂಮಿಯ ಬಣ್ಣ ಬದಲಾಗುತ್ತದೆ. ಗೋವಿನಜೋಳದ ಹೊಲಗಳು ಹಿಂದೆ ಸರಿದು ಗದ್ದೆಗಳೂ ಅಡಿಕೆಯ ತೋಟಗಳೂ ತೋರತೊಡಗುತ್ತವೆ. ಬಯಲುಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಹುಡುಗರಿಗೆ ತುಂಬಿದ ಕೆರೆಗಳನ್ನು ಎಣಿಸುವುದೇ ಒಂದು ಆಟವಾಯಿತು. ಹದಿನೇಳರವರೆಗೆ ಎಣಿಸಿ ಜಗಳವಾಡಿ ನಿಲ್ಲಿಸಿದರು. ಶಿರಾಳಕೊಪ್ಪದಿಂದ ಬಳ್ಳಿಗಾವಿಗೆ ಎರಡೇ ಕಿಲೋಮೀಟರು.

ಇಂದು ಅದು ಶಿಕಾರಿಪುರ ತಾಲೂಕಿನ ಒಂದು ಸಾಮಾನ್ಯ ಗ್ರಾಮ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ೧೨,೦೦೦ ನಾಡಿನ ಆಡಳಿತದ ಕೇಂದ್ರವಾಗಿ, ಶೈವ, ವೈಷ್ಣವ, ಜೈನ, ಬೌದ್ಧ ಆಲಯಗಳೆಲ್ಲ ಒಂದೇ ಊರಿನಲ್ಲಿದ್ದ ಮಹಾನಗರವಾಗಿತ್ತು. ಅಲ್ಲಮಪ್ರಭುದೇವರ ಊರೆಂದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಇಲ್ಲಿನ ಶಿಲ್ಪಿಗಳ ಕೀರ್ತಿ ಎಷ್ಟಿತ್ತೆಂದರೆ ೧೧೧೭ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಗೆ ಕೆಲಸ ಮಾಡಲು ಬಳ್ಳಿಗಾವಿಯ ದಾಸೋಜನೂ ಅವನ ಮಗ ಚಾವಣನೂ ಹೋಗಿದ್ದರು. ಅಲ್ಲಿಯ ಮದನಿಕೆಯರ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿ ಬಂದಿದ್ದಾರೆ. ಊರು ಬಿಟ್ಟು ಹೋದರೂ ಊರಿನ ಹೆಸರನ್ನು ಬಿಡಲಿಲ್ಲ.

ನಾವು ಮೊದಲು ಹೋದದ್ದು ಕೇದಾರೇಶ್ವರ ದೇವಾಲಯಕ್ಕೆ. ಮೂರು ಗರ್ಭಗೃಹಗಳ ತ್ರಿಕೂಟಾಚಲ. ಹುಡುಗರು ಒಳಗೆ ಹೋಗಿ ದರ್ಶನ ಮಾಡಿಕೊಂಡು, ಕಡೆದ ಕಂಬಗಳಲ್ಲಿ ತಮ್ಮ ಮುಖ ಕಾಣುತ್ತದೆಯೇ ಎಂದು ಇಣುಕಿ ನೋಡುವಷ್ಟರಲ್ಲಿ ಮಳೆ ಇನ್ನೂ ಜೋರಾಯಿತು. ಶಿಖರದ ಮೆಟ್ಟಿಲು ಮೆಟ್ಟಿಲಿನಿಂದ ನೀರು ಇಳಿದು ಬರುವುದನ್ನು ನೋಡುತ್ತ ಮುಖಮಂಟಪದ ಕಕ್ಷಾಸನದ ಮೇಲೆ ಒಂದು ಗಂಟೆ ಕುಳಿತೆವು. ಆ ಒಂದು ಗಂಟೆಯಲ್ಲಿ ಅವರಿಗೆ ಕೋಡಿಯ ಮಠದ ಕಥೆ ಹೇಳಿದೆವು. ಹೊರಗೆ ಕೆರೆ ತುಂಬಿ ನಿಂತ ದಿನ ಹೇಳುವುದಕ್ಕೆ ತಕ್ಕ ಕಥೆಯದು. ತಾವರೆಕೆರೆಯ ಕೋಡಿಯ ಬಳಿ ಇದ್ದುದರಿಂದಲೇ ಆ ಮಠಕ್ಕೆ ಕೋಡಿಯ ಮಠವೆಂಬ ಹೆಸರು.

ಅದು ಕಾಳಾಮುಖ ಶೈವಾಚಾರ್ಯರ ಮಠ. ಕೇದಾರಶಕ್ತಿ, ಸೋಮೇಶ್ವರ, ವಾಮಶಕ್ತಿ ಮೊದಲಾದ ವಿದ್ವಾಂಸರು ಅದರ ಪರಂಪರೆಯವರು. ಕಳಚುರಿ ಬಿಜ್ಜಳನ ಕಾಲದ, ೧೧೬೨ನೆಯ ಇಸವಿಯ ಶಾಸನವೊಂದು ಆ ಮಠದಲ್ಲಿ ಏನೇನು ನಡೆಯುತ್ತಿತ್ತೆಂಬುದನ್ನು ಸಾಲಾಗಿ ಹೇಳುತ್ತದೆ. ನಾಲ್ಕು ವೇದಗಳು, ಕೌಮಾರ, ಪಾಣಿನಿ, ಶಾಕಟಾಯನರ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಲ ಸಿದ್ಧಾಂತ, ಯೋಗಶಾಸ್ತ್ರ, ಪುರಾಣಗಳು, ಕಾವ್ಯ, ನಾಟಕ ಇವೆಲ್ಲ ಅಲ್ಲಿ ಪಾಠವಾಗುತ್ತಿದ್ದವು. ಬಡವರು, ದಿಕ್ಕಿಲ್ಲದವರು, ಕುರುಡರು, ಕಿವುಡರು, ಕುಂಟರು ಬಂದರೆ ಅನ್ನವಿತ್ತು. ಬೇರೆ ಬೇರೆ ಮತಗಳ ಸನ್ಯಾಸಿಗಳಿಗೂ ಅನ್ನವಿತ್ತು. ರೋಗಿಗಳಿಗೆ ಚಿಕಿತ್ಸೆಯಿತ್ತು. ಅಂಜಿ ಬಂದವರಿಗೆ ಅಭಯವಿತ್ತು. ಮಠವೆಂದರೆ ಏನೆಂದು ಕೇಳಿದವರಿಗೆ ನಾವು ಬಹಳ ವರ್ಷಗಳಿಂದ ಈ ಶಾಸನವನ್ನೇ ತೋರಿಸುತ್ತ ಬಂದಿದ್ದೇವೆ. ಕಾಳಾಮುಖರಿಗೂ ಮುಂದಿನ ವೀರಶೈವರಿಗೂ ಇದ್ದ ಸಂಬಂಧವೆಂಥದೆಂಬುದು ವಿದ್ವಾಂಸರು ಇನ್ನೂ ವಾದಿಸುತ್ತಿರುವ ವಿಷಯ. ಅದನ್ನು ಹುಡುಗರ ಮುಂದೆ ಬಿಚ್ಚಲಿಲ್ಲ.

ಏಳನೆಯ ತರಗತಿಯ ಹುಡುಗನೊಬ್ಬ, “ಆ ಮಠ ಈಗ ಎಲ್ಲೈತ್ರಿ ಅಜ್ಜಾರ?” ಎಂದು ಕೇಳಿದ.

“ಇಲ್ಲ” ಎಂದೆವು.

“ಮತ್ತ ಇಷ್ಟೆಲ್ಲಾ ಹೆಂಗ ಗೊತ್ತಾತ್ರಿ?”

“ಕಲ್ಲಿನ್ಯಾಗ ಬರದಿಟ್ಟಿದ್ರು. ಕಲ್ಲು ಉಳೀತು” ಎಂದೆವು. ಆ ಉತ್ತರ ಇನ್ನು ಅರ್ಧ ಗಂಟೆಯಲ್ಲಿ ನಮ್ಮನ್ನೇ ಇರಿಯಲಿದೆಯೆಂಬುದು ಆಗ ತಿಳಿಯಲಿಲ್ಲ.

ಮಳೆ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ. ಕಾವಲುಗಾರ ತನ್ನ ಕೊಡೆಯನ್ನು ನಮ್ಮ ತಲೆಯ ಮೇಲೆ ಹಿಡಿಯಲು ಬಂದ. ಬೇಡವೆಂದರೂ ಬಿಡಲಿಲ್ಲ. “ಬುದ್ಧಿ, ಮಳೆಗಾಲದಲ್ಲಿ ಇಲ್ಲಿಗೆ ಯಾರೂ ಬರೋದಿಲ್ಲ. ಬಂದವರೂ ಗುಡಿ ನೋಡಿ ಹೋಗ್ತಾರೆ. ಹೊರಗಡೆ ಕಲ್ಲು ನೋಡೋದಾದ್ರೆ ಈಗಲೇ ನೋಡ್ಬೇಕು” ಎಂದ. ಆ ಮಾತಿನ ಅರ್ಥ ನಮಗೆ ತಕ್ಷಣ ಆಗಲಿಲ್ಲ. ಅಂಗಳಕ್ಕೆ ಇಳಿದ ಮೇಲೆ ಆಯಿತು.

ಬಳ್ಳಿಗಾವಿಯ ಶಾಸನಗಳೂ ವೀರಗಲ್ಲುಗಳೂ ಹೆಚ್ಚಾಗಿ ಬಳಪದ ಕಲ್ಲಿನ ಜಾತಿಯವು. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಉಳಿಗೆ ಒಗ್ಗುತ್ತದೆ. ಗಾಳಿಗೆ ಬಿದ್ದಂತೆ ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ನೆತ್ತಿಯ ಮೇಲಿನ ಬಿಸಿಲಿಗೆ ಇಂಥ ಕಲ್ಲು ಬರಿಯ ಬೂದು ಹಲಗೆಯಂತೆ ಕಾಣುತ್ತದೆ. ಉಬ್ಬು ಯಾವುದು, ತಗ್ಗು ಯಾವುದು, ತಿಳಿಯುವುದಿಲ್ಲ. ಮಳೆಯಲ್ಲಿ ನೆನೆದಾಗ ಅದು ಕಪ್ಪಾಗುತ್ತದೆ. ಅಕ್ಷರದ ಗೀರುಗಳಲ್ಲಿ ನೀರು ನಿಂತು ಹೊಳೆಯುತ್ತದೆ. ಶಾಸನತಜ್ಞರು ಪಡಿಯಚ್ಚು ತೆಗೆಯುವಾಗ ಮಾಡುವ ಮೊದಲ ಕೆಲಸವೂ ಕಲ್ಲನ್ನು ನೀರಿನಿಂದ ತಿಕ್ಕಿ ತೊಳೆಯುವುದೇ. ಆ ಮೇಲೆ ಒದ್ದೆ ಕಾಗದವನ್ನು ಅಂಟಿಸಿ, ಕುಂಚದಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಮೇಲೆ ಮಸಿಯುಂಡೆ ಆಡಿಸುತ್ತಾರೆ. ಬಿ.ಎಲ್. ರೈಸ್ ಅವರು ೧೯೦೨ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಈ ತಾಲೂಕಿನ ಶಾಸನಗಳನ್ನು ಅಚ್ಚು ಹಾಕಿಸಿದರಷ್ಟೆ. ಅವರ ಪಂಡಿತರು ಊರೂರು ತಿರುಗಿ ಮಾಡಿದ್ದು ಇದೇ ಕೆಲಸ. ನೀರು ಕಲ್ಲನ್ನು ಸವೆಸುತ್ತದೆ, ಪಾಚಿ ಹಿಡಿಸುತ್ತದೆ ಎಂಬುದು ನಿಜ. ಆದರೂ ಅಂದು ನಮ್ಮ ಹುಡುಗರಿಗೆ ಆ ಕಲ್ಲುಗಳನ್ನು ಓದಿಸಿದ್ದು ಮಳೆಯೇ.

ವೀರಗಲ್ಲನ್ನು ನೋಡುವ ಬಗೆಯನ್ನು ಅವರಿಗೆ ಹೇಳಿಕೊಟ್ಟೆವು. ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ: ಬಿಲ್ಲು, ಕತ್ತಿ, ಗುರಾಣಿ, ಕೆಲವೆಡೆ ಕುದುರೆ. ದನಗಳ ಸಾಲು ಇದ್ದರೆ ತುರುಗೋಳ್, ಎಂದರೆ ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ಊರ ದನಗಳನ್ನು ಬಿಡಿಸಿ ತರುವಾಗ ಸತ್ತವನು. ಹೆಂಗಸರ ಮಾನ ಕಾಯಲು ಹೋಗಿ ಸತ್ತವನಿದ್ದಾನೆ. ಊರಿನ ಮೇಲೆ ದಾಳಿಯಾದಾಗ ಅಡ್ಡ ನಿಂತು ಸತ್ತವನಿದ್ದಾನೆ. ನಡುವಿನ ಪಟ್ಟಿಕೆಯಲ್ಲಿ ಸತ್ತವನನ್ನು ಅಪ್ಸರೆಯರು ಎರಡೂ ಕಡೆ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲಿನ ಪಟ್ಟಿಕೆಯಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕೈಮುಗಿದು ಕುಳಿತಿದ್ದಾನೆ, ಪಕ್ಕದಲ್ಲಿ ಪೂಜಾರಿ, ನೆತ್ತಿಯಲ್ಲಿ ಸೂರ್ಯ ಚಂದ್ರರು. ಪಟ್ಟಿಕೆ ಪಟ್ಟಿಕೆಗಳ ನಡುವಿನ ಅಡ್ಡಪಟ್ಟಿಗಳಲ್ಲಿ ಅವನಾರು, ಯಾವ ಊರವನು, ಯಾವ ರಾಜನ ಕಾಲದಲ್ಲಿ ಹೇಗೆ ಸತ್ತನು ಎಂಬ ಬರೆಹ.

ರಾಜರ ಕಥೆ ತಾಮ್ರಪಟದಲ್ಲಿ, ಕಾವ್ಯದಲ್ಲಿ, ಗುಡಿಯ ಗೋಡೆಯಲ್ಲಿ ಹತ್ತು ಕಡೆ ಸಿಗುತ್ತದೆ. ಹಳ್ಳಿಯ ಒಬ್ಬ ಸಾಮಾನ್ಯನ ಹೆಸರು ಎಂಟು ನೂರು, ಸಾವಿರ ವರ್ಷ ಉಳಿದಿದ್ದರೆ ಅದು ಇಂಥ ಒಂದೇ ಕಲ್ಲಿನಲ್ಲಿ. ಅದು ಹೋದರೆ ಇನ್ನೊಂದು ಪ್ರತಿಯಿಲ್ಲ. ಆತಕೂರಿನ ಕಲ್ಲನ್ನು ನೆನೆಯಬಹುದು. ೯೪೯-೫೦ರ ಕಾಲದ ಆ ಕಲ್ಲು ಮಣಲೇರನ ಬೇಟೆನಾಯಿ ಕಾಳಿ ಹಂದಿಯೊಡನೆ ಹೋರಾಡಿ ಸತ್ತ ಸಂಗತಿಯನ್ನು ಹೇಳುತ್ತದೆ. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಒಂದು ನಾಯಿಯ ಹೆಸರು ಸಾವಿರ ವರ್ಷದ ಮೇಲೂ ನಮ್ಮ ನಾಲಿಗೆಯ ಮೇಲಿದೆ. ಈ ಮಾತನ್ನು ಹುಡುಗರಿಗೆ ಹೇಳುತ್ತ, ಎದುರಿಗಿದ್ದ ಒಂದು ಕಲ್ಲಿನ ಕೆಳಗಿನ ಪಟ್ಟಿಕೆಯ ಮೇಲೆ ನಾವು ಕೈ ಇಟ್ಟೆವು. ನೀರು ಬೆರಳುಗಳ ಸಂದಿಯಿಂದ ಹರಿಯುತ್ತಿತ್ತು. ಅಂಗೈಗೆ ದುಂಡನೆಯ ಒಂದು ಉಬ್ಬು ತಾಗಿತು. ವೀರನ ಗುರಾಣಿ.

ಆ ಉಬ್ಬು ನಮಗೆ ಗೊತ್ತಿತ್ತು. ಅಂಗೈಗಲ್ಲ, ಅಂಗಾಲಿಗೆ.

ನಿಲಯದ ಹಳೆಯ ವಿದ್ಯಾರ್ಥಿಗಳಿಗೆ ಬಾವಿಕಟ್ಟೆಯ ಪಕ್ಕದ ರೊಟ್ಟಿಗಲ್ಲು ನೆನಪಿರಬೇಕು. ನಾವು ೧೯೮೧ರಲ್ಲಿ ಐದನೆಯ ತರಗತಿಗೆ ಬಂದು ಸೇರಿದಾಗ ಆ ಕಲ್ಲು ಅಲ್ಲಿಯೇ ಇತ್ತು. ನಮಗಿಂತ ಮೊದಲಿನವರಿಗೂ ಅದು ಅಲ್ಲಿಯೇ ಇತ್ತು. ಆಳೆತ್ತರಕ್ಕಿಂತ ಸ್ವಲ್ಪ ಕಡಿಮೆ ಉದ್ದದ, ಕಪ್ಪನೆಯ, ಒಂದು ಮೂಲೆ ಒಡೆದ ಹಾಸುಗಲ್ಲು. ನಾವು ಅದರ ಮೇಲೆ ಅರಿವೆ ಒಗೆಯುತ್ತಿದ್ದೆವು, ಅದರ ಮೇಲೆಯೇ ನಿಂತು ತಣ್ಣೀರು ಸುರಿದುಕೊಳ್ಳುತ್ತಿದ್ದೆವು. ಒಂದು ತುದಿಯಲ್ಲಿ ರೊಟ್ಟಿಯ ಹಾಗೆ ದುಂಡಗಿನ ಉಬ್ಬು. ಹಿಮ್ಮಡಿ ತಿಕ್ಕಲು ಬಹಳ ಅನುಕೂಲ. ಆ ಜಾಗಕ್ಕಾಗಿ ಬೆಳಗ್ಗೆ ಹುಡುಗರಲ್ಲಿ ಸರದಿ. ನಡುವೆ ಎರಡು ಕಡೆ ಅಡ್ಡಲಾಗಿ ಸಣ್ಣ ಗೀರುಗಳ ಪಟ್ಟಿಯಿತ್ತು. ಅಂಗಿಯ ಕೊರಳಪಟ್ಟಿಯ ಕೊಳೆ ಬಿಡಿಸಲು ಅದರಂಥ ಜಾಗವಿಲ್ಲ. ಆ ಗೀರುಗಳ ಮೇಲೆ ನಾವು ಎಷ್ಟು ಅಂಗಿಗಳನ್ನು ತಿಕ್ಕಿದ್ದೇವೋ ಲೆಕ್ಕವಿಲ್ಲ.

ಗುರಾಣಿಯ ಮೇಲೆ ಕೈ ಇಟ್ಟ ಆ ಕ್ಷಣದಲ್ಲಿ ಎಲ್ಲವೂ ತಾನಾಗಿ ಜೋಡಿಸಿಕೊಂಡಿತು. ರೊಟ್ಟಿ ಗುರಾಣಿ. ಗೀರುಗಳು ಅಕ್ಷರಗಳು. ಒಡೆದ ಮೂಲೆ ಸೂರ್ಯನೋ ಚಂದ್ರನೋ ಇದ್ದ ಜಾಗ.

ಹುಡುಗತನದಲ್ಲಿ ತಿಳಿಯದೆ ಮಾಡಿದ್ದಕ್ಕೆ ದೋಷವಿಲ್ಲ. ನಮ್ಮನ್ನು ಕಾಡುತ್ತಿರುವುದು ಅದಲ್ಲ. ಪಾಠಶಾಲೆಯಲ್ಲಿ ಸಂಸ್ಕೃತ, ಶಾಸ್ತ್ರಗಳ ಓದು ಮುಗಿದ ಮೇಲೆ ಲಿಂಗೈಕ್ಯ ಗುರುಗಳು ನಮ್ಮನ್ನು ಕನ್ನಡ ಎಂ.ಎ. ಮಾಡಲು ಧಾರವಾಡಕ್ಕೆ ಕಳುಹಿಸಿದರು. ಅಲ್ಲಿ ಶಾಸನಗಳನ್ನು ಓದಿದೆವು. ಚಿದಾನಂದಮೂರ್ತಿಗಳು ೧೯೬೬ರಲ್ಲಿ ಪ್ರಕಟಿಸಿದ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ನಮ್ಮ ಮೇಜಿನ ಮೇಲೆಯೇ ಇರುತ್ತಿತ್ತು. ವೀರಗಲ್ಲಿನ ಪಟ್ಟಿಕೆಗಳನ್ನು ವಿವರಿಸಿರೆಂಬ ಪ್ರಶ್ನೆಗೆ ನಾಲ್ಕು ಪುಟ ಬರೆದು ಒಳ್ಳೆಯ ಅಂಕಗಳನ್ನು ಪಡೆದೆವು. ೧೯೯೫ರಲ್ಲಿ ಪದವಿ ಹಿಡಿದು ಮಠಕ್ಕೆ ಮರಳಿದೆವು. ರಜೆಯಲ್ಲಿ ಬಂದಾಗಲೂ, ಮರಳಿದ ಮೇಲೂ ಅದೇ ಬಾವಿಯ ನೀರು ಮಿಂದಿದ್ದೇವೆ. ಒಂದು ದಿನವಾದರೂ ಕಾಲಿನ ಕೆಳಗೆ ನೋಡಲಿಲ್ಲ. ಪುಸ್ತಕದಲ್ಲಿದ್ದ ಕಲ್ಲು ಬೇರೆ, ಬಾವಿಯ ಬಳಿ ಇದ್ದ ಕಲ್ಲು ಬೇರೆಯಾಗಿತ್ತು.

೧೯೯೭ರಲ್ಲಿ ದಾಸೋಹ ಭವನದ ಕೆಲಸ ಆರಂಭವಾಯಿತು. ಗುರುಗಳು ಉಸ್ತುವಾರಿಯನ್ನು ನಮಗೆ ಒಪ್ಪಿಸಿದ್ದರು. ನಳದ ನೀರು ಬಂದಿದ್ದರಿಂದ ಹಳೆಯ ಬಾವಿಕಟ್ಟೆಯನ್ನು ಕಿತ್ತು, ಬಂದ ಕಲ್ಲುಗಳನ್ನೆಲ್ಲ ಪಾಯಕ್ಕೆ ಬಳಸಬೇಕೆಂದು ತೀರ್ಮಾನಿಸಿದವರು ನಾವೇ. ಹಣವೂ ಉಳಿಯುವುದಿತ್ತು. ಒಂದು ಮಧ್ಯಾಹ್ನ ಸಿಮೆಂಟಿನ ಲೆಕ್ಕ ತಾಳೆಯಾಗದೆ ತಲೆ ಕೆಡಿಸಿಕೊಂಡು ಕುಳಿತಿದ್ದಾಗ ಹಿರಿಯ ಗೌಂಡಿ ಬಂದು ಬಾಗಿಲಲ್ಲಿ ನಿಂತ. “ಅಜ್ಜಾರ, ಆ ಒಗಿಯೂ ಕಲ್ಲಿನ ಮ್ಯಾಲ ಏನೋ ಗೊಂಬಿ ಅದಾವ್ರಿ. ಒಂದೀಟು ನೋಡ್ತೀರೇನು? ಇಲ್ಲಾ ಹಾಕಿಬಿಡೂಣ್ರೀ?”

ನಾವು ಲೆಕ್ಕದ ಪುಸ್ತಕದಿಂದ ತಲೆ ಎತ್ತಲಿಲ್ಲ. “ಹಾಕ್ರಿ” ಎಂದೆವು.

ಅಕ್ಷರ ಬಾರದ ಆ ಮುದುಕ ಕಂಡ. ಕಂಡು ಬಂದು ಹೇಳಿದ. ಅಕ್ಷರ ಕಲಿತ ನಾವು ನೋಡಲಿಲ್ಲ. ಅವನು ತೀರಿಕೊಂಡು ಈಗ ಬಹಳ ವರ್ಷಗಳಾದವು.

ಬಳ್ಳಿಗಾವಿಯಲ್ಲಿ ಆ ಕಲ್ಲಿನ ಮುಂದೆ ನಾವು ಎಷ್ಟು ಹೊತ್ತು ನಿಂತೆವೋ ತಿಳಿಯದು. ಕಾವಲುಗಾರ ಕೊಡೆ ಹಿಡಿದು ಕೈ ಸೋತು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಿದ್ದ. ಹುಡುಗರು ಅಷ್ಟರಲ್ಲಿ ಮುಂದೆ ಹೋಗಿ ಬಳೆ ತೊಟ್ಟ ತೋಳನ್ನು ಎತ್ತಿ ಹಿಡಿದ ಮಾಸ್ತಿಕಲ್ಲಿನ ಸುತ್ತ ಸೇರಿದ್ದರು. ಒಬ್ಬ ಬೆರಳಿನಿಂದ ನೀರು ತುಂಬಿದ ಗೀರುಗಳನ್ನು ತಿದ್ದುತ್ತ ‘ಶ್ರೀ’ ಎಂಬ ಅಕ್ಷರವನ್ನು ತಾನೇ ಕಂಡುಹಿಡಿದು ಕೂಗಿಕೊಂಡ. ಎಲ್ಲರೂ ಅತ್ತ ಓಡಿದರು. ನಾವೂ ಹೋದೆವು. ಅವನು ತೋರಿಸಿದ್ದು ಸರಿಯಾಗಿಯೇ ಇತ್ತು.

ಆ ಮೇಲೆ ತ್ರಿಪುರಾಂತಕ ದೇವಾಲಯಕ್ಕೂ ಊರೊಳಗಿನ ಗಂಡಭೇರುಂಡ ಸ್ತಂಭಕ್ಕೂ ಹೋದೆವು. ತ್ರಿಪುರಾಂತಕದ ಕಲ್ಲಿನ ಜಾಲಂದ್ರಗಳು ಲೋಕಪ್ರಸಿದ್ಧವಾದವು. ಅಲ್ಲಿ ಪಂಚತಂತ್ರದ ಕಥೆಗಳನ್ನು ಚಿಕ್ಕ ಚಿಕ್ಕ ಉಬ್ಬುಚಿತ್ರಗಳಲ್ಲಿ ಬಿಡಿಸಿದ್ದಾರೆ. ಅವುಗಳ ಜೊತೆಯಲ್ಲಿಯೇ ಎಳೆಯರಿಗೆ ತೋರಿಸಲು ಸಂಕೋಚವಾಗುವಂಥ ಮಿಥುನ ಚಿತ್ರಗಳೂ ಇವೆ. ಮೇಲ್ವಿಚಾರಕರು ಅಲ್ಲಿಗೆ ಬಂದ ಕೂಡಲೇ “ಮಳಿ ಜೋರಾತು, ಲಗೂ ನಡೀರಿ” ಎಂದು ಅವಸರ ಮಾಡಿದರು. ಆಗ ಮಳೆ ಪೂರ್ತಿ ನಿಂತಿತ್ತು. ಹುಡುಗರು ನಕ್ಕರು, ನಮಗೂ ನಗೆ ಬಂತು. ಗಂಡಭೇರುಂಡ ಸ್ತಂಭವನ್ನು ೧೦೪೭ರಲ್ಲಿ ಬನವಾಸಿ ನಾಡಿನ ಅಧಿಪತಿ ಚಾಮುಂಡರಾಯರಸ ನಿಲ್ಲಿಸಿದನು. ನಮ್ಮ ರಾಜ್ಯದ ಲಾಂಛನದಲ್ಲಿರುವುದು ಎರಡು ತಲೆಯ ಹಕ್ಕಿ. ಇಲ್ಲಿಯದು ಮನುಷ್ಯನ ದೇಹಕ್ಕೆ ಎರಡು ಹಕ್ಕಿತಲೆಗಳಿರುವ ರೂಪ. ಸಾವಿರ ವರ್ಷ ಸಮೀಪಿಸುತ್ತಿರುವ ಆ ಎತ್ತರದ ಕಂಬದ ಬುಡದಲ್ಲಿ ಕುಳಿತು ಹುಡುಗರು ಬುತ್ತಿ ಬಿಚ್ಚಿದರು. ನಮಗೆ ಪ್ರಸಾದ ರುಚಿಸಲಿಲ್ಲ. ಮೇಲ್ವಿಚಾರಕರು ಮಳೆಯಲ್ಲಿ ನೆನೆದು ಜ್ವರ ಬಂದಿರಬೇಕೆಂದು ಗಾಬರಿಯಾದರು.

ಮಠಕ್ಕೆ ಮರಳಿದ ರಾತ್ರಿಯೇ ದೀಪ ಹಿಡಿದು ದಾಸೋಹ ಭವನದ ಸುತ್ತ ಒಂದು ಪ್ರದಕ್ಷಿಣೆ ಬಂದೆವು. ಪಾಯದ ಕಲ್ಲು ನೆಲದ ಒಳಗಿದೆ, ಕಾಣುವುದು ಗಿಲಾವು ಮಾಡಿದ ಗೋಡೆ ಮಾತ್ರ. ಈಶಾನ್ಯ ಮೂಲೆಯಲ್ಲಿ ಹಾಕಿದರೆಂದು ನೆನಪು; ಏಕೆಂದರೆ ಆ ವಾರ ಕೆಲಸ ನಡೆದಿದ್ದು ಆ ಮೂಲೆಯಲ್ಲಿ. ಮರುದಿನ ಭಕ್ತರಾದ ಎಂಜಿನಿಯರರನ್ನು ಕರೆಸಿ ಕೇಳಿದೆವು. ಅವರು ಎರಡು ದಿನ ಬಂದು ಅಳೆದು ನೋಡಿ, ಹುಡುಕಿ ತೆಗೆಯಬೇಕಾದರೆ ಎಷ್ಟು ಉದ್ದಕ್ಕೆ ಅಗೆಯಬೇಕೋ ಹೇಳಲಾಗದು, ಮೇಲಿನ ಗೋಡೆ ತಾಳಲಾರದು ಎಂದರು. ದಿನಕ್ಕೆ ಎರಡು ಹೊತ್ತು ೪೦೦ ಮಕ್ಕಳು ಉಣ್ಣುವ ಭವನವದು. ಗೋಡೆ ಕೆಡವಿ ಕಲ್ಲು ಹುಡುಕಿರೆಂದು ಹೇಳುವ ಧೈರ್ಯ ನಮಗಾಗಲಿಲ್ಲ.

ಬೇರೆ ದಾರಿಯಿಂದ ಅವನ ಹೆಸರು ಸಿಕ್ಕೀತೇ ಎಂದು ನೋಡಿದೆವು. ನಮ್ಮ ಭಾಗದ ಶಾಸನಗಳು ಅಚ್ಚಾಗಿರುವುದು ದಕ್ಷಿಣ ಭಾರತದ ಶಾಸನಗಳೆಂಬ ಮಾಲೆಯ ಬಾಂಬೆ-ಕರ್ನಾಟಕ ಸಂಪುಟಗಳಲ್ಲಿ. ಅವುಗಳನ್ನು ತರಿಸಿ ಪುಟ ಪುಟವನ್ನೂ ತಿರುವಿದೆವು. ನಮ್ಮ ಊರಿನ ಎರಡು ಶಾಸನಗಳಿವೆ. ಎರಡೂ ಗುಡಿಗೆ ಬಿಟ್ಟ ದತ್ತಿಗೆ ಸಂಬಂಧಿಸಿದವು. ಬಾವಿಕಟ್ಟೆಯ ಕಲ್ಲಿಲ್ಲ. ಶಾಸನ ಹುಡುಕುತ್ತ ಬಂದವರು ಗುಡಿಗಳನ್ನು ನೋಡಿ ಹೋಗಿರಬೇಕು. ಮಠದ ಬಚ್ಚಲಿನ ಕಡೆಗೆ ಯಾರು ಬರುತ್ತಾರೆ?

ಈ ಸಂಗತಿಯನ್ನು ಒಂದಿಬ್ಬರು ಆಪ್ತ ಭಕ್ತರ ಮುಂದೆ ಹೇಳಿಕೊಂಡೆವು. ಅವರಲ್ಲಿ ಹಿರಿಯರೊಬ್ಬರು, “ಅಜ್ಜಾರ, ಒಳ್ಳೇದ ಆತಲ್ರಿ. ಊರ ಸಲುವಾಗಿ ಜೀವಾ ಕೊಟ್ಟಾಂವ ಈಗ ದಾಸೋಹಕ್ಕ ಆಧಾರ ಆಗಿ ನಿಂತಾನ” ಎಂದರು. ಅವರ ಭಾವನೆ ದೊಡ್ಡದು. ನಮ್ಮ ಮನಸ್ಸಿನ ಭಾರ ಇಳಿಸಲೆಂದೇ ಆಡಿದ ಮಾತು. ಆದರೆ ಅದನ್ನು ಒಪ್ಪಿಕೊಳ್ಳಲು ನಮಗಾಗಲಿಲ್ಲ. ಆಧಾರವಾಗುತ್ತೀಯಾ ಎಂದು ಅವನನ್ನು ನಾವು ಕೇಳಿರಲಿಲ್ಲ. ಅವನಿಗಾಗಿ ಊರವರು ಕಲ್ಲು ಕಡೆಸಿದ್ದು ಗೋಡೆ ಹೊರಲೆಂದಲ್ಲ, ಬಂದವರು ಹೋದವರು ನೋಡಲೆಂದು. ಚೆಂದದ ಮಾತುಗಳಿಂದ ತಪ್ಪನ್ನು ಮುಚ್ಚುವ ಕಲೆ ನಮ್ಮಂಥ ಪ್ರವಚನಕಾರರಿಗೆ ಬಹಳ ಬೇಗ ಸಿದ್ಧಿಸುತ್ತದೆ. ಅದಕ್ಕಾಗಿಯೇ ಇದನ್ನು ಇಷ್ಟು ಬಿಡಿಸಿ ಬರೆಯಬೇಕಾಯಿತು.

ಹುಡುಗರಿಗೂ ಹೇಳಿದೆವು. ಸಂಜೆಯ ಪ್ರಾರ್ಥನೆಯ ನಂತರ, ಬಳ್ಳಿಗಾವಿಗೆ ಬಂದವರನ್ನೂ ಬರದವರನ್ನೂ ಕೂರಿಸಿಕೊಂಡು ಹೇಳಿದೆವು. ಅವರು ಏನೂ ಕೇಳಲಿಲ್ಲ. ಮುಂದಿನ ರವಿವಾರ ಮಳೆ ಬರುತ್ತಿದ್ದಾಗ ಏಳೆಂಟು ಹುಡುಗರು ಕೊಡಪಾನ, ತೆಂಗಿನ ನಾರು ಹಿಡಿದುಕೊಂಡು ಹೊರಗೆ ಹೋದುದನ್ನು ಕಂಡೆವು. ಮಧ್ಯಾಹ್ನ ಬಂದು, ಊರ ಕೆರೆಯ ಮೂರನೆಯ ಮೆಟ್ಟಿಲು ಅರ್ಧ ಮಾಸ್ತಿಕಲ್ಲೆಂದೂ ತೋಳು ಮತ್ತು ಬಳೆ ಚೆನ್ನಾಗಿ ಕಾಣುತ್ತವೆಯೆಂದೂ ವರದಿ ಒಪ್ಪಿಸಿದರು. ಹೋಗಿ ನೋಡಿದೆವು, ನಿಜ. ಬರೆಹವಿದ್ದ ಅರ್ಧ ಇಲ್ಲ. ಊರ ಹಿರಿಯರು ಸೇರಿ ಅದನ್ನು ಎತ್ತಿಸಿ ಬಸವಣ್ಣನ ಗುಡಿಯ ಕಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಎತ್ತುವ ದಿನವೂ ಮಳೆಯೇ.

ಇನ್ನು ನಮ್ಮ ಹಳೆಯ ವಿದ್ಯಾರ್ಥಿಗಳನ್ನು ಕೇಳಬೇಕಾದ ಮಾತು. ೧೯೯೭ಕ್ಕಿಂತ ಮೊದಲು ಪ್ರಸಾದ ನಿಲಯದಲ್ಲಿದ್ದವರು, ರೊಟ್ಟಿಗಲ್ಲಿನ ಮೇಲೆ ಏನೇನು ಇತ್ತೆಂಬುದು ಎಷ್ಟು ಸ್ವಲ್ಪ ನೆನಪಿದ್ದರೂ ಬರೆದು ತಿಳಿಸಬೇಕು. ದನಗಳಿದ್ದವೇ, ಕುದುರೆಯಿತ್ತೇ, ಗೀರುಗಳ ಪಟ್ಟಿ ಎರಡಿದ್ದವೋ ಮೂರೋ? ವರ್ಷದ ಕೊನೆಗೆ ಬಾವಿಕಟ್ಟೆಯ ಮುಂದೆ ತೆಗೆಸಿಕೊಂಡ ಗುಂಪಿನ ಚಿತ್ರಗಳಿದ್ದರೆ ಕಾಲಿನ ಕೆಳಗೆ ಏನು ಕಾಣುತ್ತದೆಂದು ಒಮ್ಮೆ ನೋಡಬೇಕು. ಇನ್ನೊಂದು ಮಾತು. ೧೯೮೪ರ ಸುಮಾರಿಗೆ, ನಾವು ಎಂಟನೆಯ ತರಗತಿಯಲ್ಲಿದ್ದಾಗ, ನಮ್ಮ ಜೊತೆಯ ಹುಡುಗನೊಬ್ಬ ಆ ಗೀರುಗಳ ಮೇಲೆ ನೋಟುಪುಸ್ತಕದ ಹಾಳೆಯನ್ನಿಟ್ಟು, ನಾಣ್ಯದ ಗುರುತು ತೆಗೆಯುವ ಹಾಗೆ, ಪೆನ್ಸಿಲ್ಲಿನಿಂದ ಉಜ್ಜಿ ಉಜ್ಜಿ ಚಿತ್ರ ತೆಗೆಯುತ್ತಿದ್ದ. ಹಾಳೆಗಳನ್ನು ಹಾಳು ಮಾಡುತ್ತಾನೆಂದು ಅವನಿಗೆ ಪೆಟ್ಟೂ ಬಿದ್ದಿತ್ತು. ಅವನ ಮುಖ ಕಣ್ಣ ಮುಂದಿದೆ, ಹೆಸರು ನೆನಪಾಗುತ್ತಿಲ್ಲ. ಇದನ್ನು ಓದಿದವರಲ್ಲಿ ಅವನೇ ಇದ್ದರೆ, ಅಥವಾ ಅವನನ್ನು ಬಲ್ಲವರಿದ್ದರೆ, ಮನೆಯ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಗಳಲ್ಲಿ ಆ ನೋಟುಪುಸ್ತಕ ಇದೆಯೇ ಎಂದು ಹುಡುಕಬೇಕು. ಸಿಕ್ಕರೆ ಅಂಚೆಗೆ ಹಾಕುವುದು ಬೇಡ. ತಿಳಿಸಿದರೆ ನಾವೇ ಬರುತ್ತೇವೆ.